ಮೊಮ್ಮಗನ ಹಟ ಹೊಟ್ಟೆಯಿಂದ ಬಂದದ್ದೇ?

ಪ್ರಶ್ನೆ: ಎರಡು ವರ್ಷದ ಮೊಮ್ಮಗನಿಗೆ ವಿಪರೀತ ಹಟ. ಮಗುವಿನ ಸ್ವಭಾವಕ್ಕೆ ಕರುಳಿನ ಬ್ಯಾಕ್ಟೀರಿಯಾಗಳೇ ಕಾರಣವಂತೆ, ಹೌದೇ?
– ಓದುಗರೊಬ್ಬರು, ಕಟ್ಟಬೆಟ್ಟು, ನೀಲಗಿರಿ

ಉತ್ತರ: ನಂಟು ಕಂಡಿದೆ, ಕಾರಣವೆಂದು ಸಾಬೀತಾಗಿಲ್ಲ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೂವರೆಯಿಂದ ಎರಡೂಕಾಲು ವರ್ಷದ 77 ಮಕ್ಕಳ ಮಲ ಪರೀಕ್ಷಿಸಿ, ಸ್ವಭಾವ ಹೇಗೆಂದು ತಾಯಂದಿರನ್ನು ಕೇಳಿದ್ದರು. ಬಗೆಬಗೆಯ ಬ್ಯಾಕ್ಟೀರಿಯಾಗಳಿದ್ದ ಮಕ್ಕಳು ಹೆಚ್ಚು ಲವಲವಿಕೆಯವರು, ಕುತೂಹಲಿಗಳು, ದುಡುಕೂ ಹೆಚ್ಚೇ. ಗಂಡುಮಕ್ಕಳಲ್ಲಿ ಇದು ಎದ್ದುಕಂಡಿತು. (ತನ್ನ ಮಗುವಿನ ಬಗ್ಗೆ ಯಾವ ತಾಯಿ ನಿಷ್ಪಕ್ಷಪಾತಿ?) ಫಿನ್ಲೆಂಡಿನ ತುರ್ಕುವಿನಲ್ಲಿ ಎರಡೂವರೆ ತಿಂಗಳ ಕೂಸುಗಳ ಮಲ ಪರೀಕ್ಷಿಸಿ, ಆರು ತಿಂಗಳಿಗೆ ಸ್ವಭಾವ ನೋಡಿದರು. ವೈವಿಧ್ಯ ಹೆಚ್ಚಿದ್ದಲ್ಲಿ ಅಂಜಿಕೆ ಕಡಿಮೆಯಿತ್ತು.

ಕರುಳಿಗೂ ಮಿದುಳಿಗೂ ವೇಗಸ್ ನರದ ಸಂಪರ್ಕವಿದೆ. ಆದರೆ ಸುದ್ದಿ ಎರಡೂ ಕಡೆ ಓಡುತ್ತದೆ. ಮನಸ್ಸಿನ ಒತ್ತಡವೂ ಕರುಳನ್ನು ಬದಲಿಸಬಲ್ಲದು.

ಕರುಳಿನ ಬ್ಯಾಕ್ಟೀರಿಯಾಗಳನ್ನು ಆಹಾರವೂ ಬದಲಿಸುತ್ತದೆ. ತಾಯಿಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಸಕ್ಕರೆಗಳಿವೆ. ಅವು ಬಿಫಿಡೋಬ್ಯಾಕ್ಟೀರಿಯ ಎಂಬ ಕರುಳಿನ ಬ್ಯಾಕ್ಟೀರಿಯಾಗಳ ಊಟ! ಇನ್ನು ಎರಡು ವರ್ಷದವನ ಹಟ ಬಹುಪಾಲು ವಯಸ್ಸಿನದೇ. ಅದಕ್ಕೆಂದು ಪ್ರೋಬಯಾಟಿಕ್ ಪುಡಿ ಕೊಳ್ಳಬೇಡಿ. ಮನೆಯಲ್ಲಿ ವರ್ಷ ತುಂಬದ ಕೂಸಿದ್ದರೆ ಬೆಟ್ಟದ ಜೇನನ್ನೂ ನೆಕ್ಕಿಸಬೇಡಿ. ಅದರಲ್ಲಿರಬಹುದಾದ, ಬೊಟುಲಿಸಂ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ತಡೆಯುವಷ್ಟು ಎಳೆಯ ಕರುಳು ಬಲಿತಿರುವುದಿಲ್ಲ.