ಹಳೇ ಜೀಪು, ಕೆಮ್ಮಣ್ಣು, ತುಕ್ಕು

ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತದ ಕಡೆ ಇಳಿಯೋ ಹಳೇ ಜೀಪು ಹತ್ತಿದ್ದೀರಲ್ಲ? ಒಮ್ಮೆ ಬಗ್ಗಿ ಅದರ ಅಡಿ ನೋಡಿ. ಲೀಫ್ ಸ್ಪ್ರಿಂಗ್ ಚಾಸಿಗೆ ಸೇರೋ ಬ್ರಾಕೆಟ್ ಇದೆಯಲ್ಲ, ಕೆಸರು ಮೆತ್ತಿಕೊಳ್ಳೋದು ಅಲ್ಲೇ. ಭದ್ರಾವತಿ ಕಾರ್ಖಾನೆಗೆ ಅದಿರು ಕೊಟ್ಟ ಬೆಟ್ಟ ಇದು, ಮಣ್ಣಲ್ಲೇ ಕಬ್ಬಿಣ! ಆದ್ರೆ ಜೀಪನ್ನ ತಿನ್ನೋದು ಮಣ್ಣಲ್ಲ, ಅದು ಹಿಡಿದಿಟ್ಟ ನೀರು.

ಇಂಥ ಜೀಪು ನಿಮ್ಮದಾದ್ರೆ, ಆ ಬ್ರಾಕೆಟ್‌ನ ಸುತ್ತಿಗೆಯಲ್ಲಿ ತಟ್ಟಿ. ಠಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಸ್ಕ್ರೂಡ್ರೈವರ್ ಚುಚ್ಚಿ. ಒಳಗೆ ಇಳಿದ್ರೆ, ಪೇಂಟ್ ಬಳಿದು ಪ್ರಯೋಜನ ಇಲ್ಲ.

ತುಕ್ಕಿನ ಮೇಲೇ ತಗಡು ವೆಲ್ಡ್ ಮಾಡೋಕೆ ಬಿಡಲೇಬೇಡಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಬ್ಯಾಟರಿ ಕಳಚಿ, ಡೀಸೆಲ್ ಪೈಪ್ ದೂರ ಸರಿಸಿ, ಗಟ್ಟಿ ಕಬ್ಬಿಣ ಸಿಗೋವರೆಗೂ ಕತ್ತರಿಸಿ, ಅಷ್ಟೇ ದಪ್ಪದ ಪ್ಲೇಟ್ ಕೂರಿಸಬೇಕು. ಮೇಲೆ ಜಿಂಕ್ ಪ್ರೈಮರ್, ಪೇಂಟ್. ರಬ್ಬರ್ ಬುಶ್ ಬೋಲ್ಟ್ ಪೂರ್ತಿ ಬಿಗಿಯೋದು ಗಾಡಿ ಚಕ್ರದ ಮೇಲೆ ನಿಂತ ಮೇಲೇ.

ತುಕ್ಕು ಹಿಡಿಯಬಾರದು ಅಂತ ಹಳೇ ಇಂಜಿನ್ ಆಯಿಲ್ ಹೊಡೆಸ್ತೀರಾ? ಅದು ರಬ್ಬರ್ ಬುಶ್‌ನ ಉಬ್ಬಿಸಿ ಕೆಡಿಸುತ್ತೆ. ಅದರ ಬದಲು ಬೆಟ್ಟ ಇಳಿದ ದಿನವೇ ಜೀಪಿನ ಅಡಿಗೆ ನೀರು ಹೊಡೆಸಿ, ಚಾಸಿಯಲ್ಲಿ ನೀರು ಬಸಿಯೋ ತೂತು ಕಟ್ಟಿದ್ರೆ ಕಡ್ಡಿ ಹಾಕಿ ಬಿಡಿಸಿ. ಮಳೆಗಾಲ ಶುರುವಾಗೋ ಮುಂಚೆ ಒಂದ್ಸಲ ಸುತ್ತಿಗೆ ಹಿಡಿದು ಅಡಿಗೆ ನುಗ್ಗಿ.