ನೆಲಮಾಳಿಗೆಯಲ್ಲಿ ಮೀನಿನ ತೊಟ್ಟಿ

ಹಸು, ಗಿಳಿ, ಪಾರಿವಾಳಗಳನ್ನು ಮನೆಯಲ್ಲಿ ಸಾಕುವುದು ನಮ್ಮವರಲ್ಲಿ ಹಿಂದಿನಿಂದ ಬಂದ ವಾಡಿಕೆ. ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನಿಟ್ಟು ಸಾಕುವ ಹವ್ಯಾಸವಾದರೋ ಈಚಿನದು. ಇದನ್ನು ಉತ್ಸಾಹದಿಂದ ಕೈಗೊಂಡವರಲ್ಲಿ ಅನೇಕರು ಒಂದೆರಡು ತಿಂಗಳಲ್ಲಿ ಬೇಸತ್ತು ಬಿಟ್ಟುಬಿಡುವರು. ಬರಿದಾದ ತೊಟ್ಟಿಯು ಅಟ್ಟವನ್ನು ಸೇರುವುದು. ನಮ್ಮ ಮನೆಯಲ್ಲಿಯೂ ಮೊದಲು ನಡೆದದ್ದು ಇದೇ. ಆ ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ಮುಚ್ಚುಮರೆಯಿಲ್ಲದೆ ವಾಚಕರ ಮುಂದಿಟ್ಟರೆ ಯಾರಿಗಾದರೂ ಉಪಯೋಗವಾದೀತೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ವರ್ಷ, ಒಂಬತ್ತು ವಯಸ್ಸಿನ ಮೊಮ್ಮಗನ ಹಟಕ್ಕೆ ಸೋತು ಎರಡಡಿ ಉದ್ದದ ಚಿಕ್ಕ ತೊಟ್ಟಿಯೊಂದನ್ನು ಕೊಂಡುತಂದೆವು. ಅದೇ ಸಂಜೆ ಗೋಲ್ಡ್‌ಫಿಶ್ ಎಂಬ ಹೊಂಬಣ್ಣದ ಮೀನುಗಳು ಹನ್ನೊಂದು ಅದರೊಳಗೆ ಬಂದವು. ಶುಚಿತ್ವದಲ್ಲಿ ನಾವು ಲೋಪಮಾಡಲಿಲ್ಲ. ದಿನವೂ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ಉಜ್ಜಿ, ಸೋಸುವ ಯಂತ್ರದೊಳಗಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆದು, ಹೊಸ ನೀರು ತುಂಬುತ್ತಿದ್ದೆವು. ಒಂಬತ್ತು ದಿನಗಳಲ್ಲಿ ಹನ್ನೊಂದು ಮೀನುಗಳೂ ಸತ್ತವು. ಹುಡುಗನು ಪ್ರತಿಯೊಂದರ ಸಾವನ್ನೂ ತನ್ನ ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದನು. ಕೊನೆಯದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂಳಿ ಬಂದು, “ತಾತ, ದಿನಾ ನೀರು ಬದಲಾಯಿಸಿದೆವಲ್ಲ, ಆದರೂ ಯಾಕೆ ಸತ್ತವು?” ಎಂದು ಕೇಳಿದನು. ಬದುಕೆಲ್ಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಅನ್ನ ತಿಂದ ನಮಗೆ ಅಂದು ಉತ್ತರ ತೋಚಲಿಲ್ಲ.

ಉತ್ತರವನ್ನು ಹುಡುಕಿ ಓದಿದಾಗ ನಮ್ಮ ಶುಚಿತ್ವವೇ ಅವುಗಳನ್ನು ಕೊಂದಿತೆಂದು ತಿಳಿಯಿತು. ಮೀನು ತಿಂದ ಆಹಾರದ ಕಲ್ಮಷವು ಬಹುಪಾಲು ಅಮೋನಿಯಾ ರೂಪದಲ್ಲಿ ಅದರ ಕಿವಿರುಗಳ ಮೂಲಕ ನೀರನ್ನು ಸೇರುವುದು. ಇದು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ವಿಷ. ಆದರೆ ನಿಸರ್ಗದಲ್ಲಿ ಇದಕ್ಕೆ ಪರಿಹಾರವುಂಟು. ಕಣ್ಣಿಗೆ ಕಾಣದ ಒಂದು ಜಾತಿಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುವುವು. ಅದೂ ವಿಷವೇ. ಮತ್ತೊಂದು ಜಾತಿಯವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವುವು. ಈ ಕೊನೆಯದು ಮೀನುಗಳಿಗೆ ಬಹುಮಟ್ಟಿಗೆ ನಿರುಪದ್ರವಿ, ಗಿಡಗಳಿಗೆ ಗೊಬ್ಬರ. ಈ ಸೂಕ್ಷ್ಮಜೀವಿಗಳು ಸ್ಪಂಜು, ಮರಳು, ಕಲ್ಲುಗಳ ಮೇಲೆ ಅಂಟಿಕೊಂಡು ಬೆಳೆಯತಕ್ಕವು. ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರಗಳು ಬೇಕು. ನಾವಾದರೋ ಹೊಸ ತೊಟ್ಟಿಗೆ ಒಮ್ಮೆಗೇ ಹನ್ನೊಂದು ಮೀನುಗಳನ್ನು ಬಿಟ್ಟದ್ದಲ್ಲದೆ, ಬೆಳೆಯತೊಡಗಿದ ಸೂಕ್ಷ್ಮಜೀವಿಗಳನ್ನು ಕ್ಲೋರಿನ್ ಬೆರೆತ ನಲ್ಲಿನೀರಿನಿಂದ ದಿನದಿನವೂ ನಾಶಮಾಡುತ್ತಿದ್ದೆವು. ಅಮರಕೋಶದಲ್ಲಿ ನೀರಿಗಿರುವ ಹೆಸರುಗಳಲ್ಲಿ ‘ಜೀವನ’ ಎಂಬುದೂ ಒಂದು. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ನಮಗೆ ನೀರೂ ಜೀವವುಳ್ಳದ್ದಾಗಿರಬೇಕೆಂಬುದು ಹೊಳೆದದ್ದು ಹನ್ನೊಂದು ಮೀನುಗಳು ಸತ್ತ ಮೇಲೆ.

ಈ ಹವ್ಯಾಸದ ಚರಿತ್ರೆಯಲ್ಲಿಯೂ ಇದೇ ಪಾಠವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವುಂಟು, ಆದರೆ ಅಲ್ಲಿನ ವಿನೋದ ಗಾಳಹಾಕಿ ಹಿಡಿಯುವುದು. ಹಿಡಿದ ಮೀನನ್ನು ಗಾಜಿನೊಳಗೆ ಬದುಕಿಸುವ ಉಪಾಯವನ್ನು 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಪ್ರಕಟಿಸಿದನು. ಆತನು ಎರಡು ಮೀನುಗಳೊಡನೆ ನೀರಿನ ಗಿಡವನ್ನಿಟ್ಟನು. ಗಿಡದ ಎಲೆ ಕೊಳೆತು ನೀರು ಕದಡಲು, ಅದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟನು. ಒಂದರ ಕಲ್ಮಷ ಇನ್ನೊಂದಕ್ಕೆ ಆಹಾರವಾಗಿ ನೀರು ತಿಳಿಯಾಗಿ ಉಳಿಯಿತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು.

ಎರಡನೆಯ ಸಲ ದೊಡ್ಡ ತೊಟ್ಟಿಯನ್ನೇ ಕಟ್ಟಿಸಲು ನಿಶ್ಚಯಿಸಿದೆವು. ನೀರು ಹೆಚ್ಚಿದ್ದಷ್ಟೂ ಅದರ ಉಷ್ಣತೆಯೂ ಗುಣವೂ ಬೇಗನೆ ಏರುಪೇರಾಗವು. ಆದಕಾರಣ ಹೊಸಬರಿಗೆ ಚಿಕ್ಕ ತೊಟ್ಟಿಗಿಂತ ದೊಡ್ಡದೇ ಸುಲಭ. ಆದರೆ ತೂಕವನ್ನು ಗಮನಿಸಬೇಕು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಲ್ಲಿ ಅಂಚಿನವರೆಗೆ 680 ಲೀಟರ್ ನೀರು ಹಿಡಿಯುವುದು. ಅದರ ತೂಕ ಅಷ್ಟೇ ಕಿಲೋ. ಹನ್ನೆರಡು ಮಿಲಿಮೀಟರ್ ದಪ್ಪದ ಗಾಜು ಸುಮಾರು 120 ಕಿಲೋ. ಮರಳು, ಕಲ್ಲು, ಕಬ್ಬಿಣದ ಪೀಠ ಸೇರಿದರೆ ಒಂದು ಟನ್ನಿಗೆ ಹತ್ತಿರವಾಗುವುದು. ಇಷ್ಟು ಭಾರವನ್ನು ಮಹಡಿಯ ಮೇಲಿಡುವುದಕ್ಕೆ ಮುಂಚೆ ಇಂಜಿನಿಯರನ್ನು ಕೇಳಲೇಬೇಕು. ಮೈಸೂರಿನ ನಮ್ಮ ಮನೆ ಇಳಿಜಾರಿನ ನಿವೇಶನದಲ್ಲಿದ್ದು ಕೆಳಗೆ ನೆಲಮಾಳಿಗೆಯಿರುವುದರಿಂದ, ಗಟ್ಟಿ ನೆಲದ ಮೇಲೆಯೇ ತೊಟ್ಟಿಯನ್ನು ಕೂರಿಸುವ ಅನುಕೂಲ ದೊರೆಯಿತು. ಅಲ್ಲಿ ಬೇಸಿಗೆಯಲ್ಲಿಯೂ ತಂಪು. ಬಿಸಿಲು ಬೀಳದ್ದರಿಂದ ಪಾಚಿಯೂ ಕಡಮೆ. ಗಿಡಗಳಿಗೆ ದಿನಕ್ಕೆ ಎಂಟು ಗಂಟೆಗಳ ಕಾಲ ದೀಪದ ಬೆಳಕು ಸಾಕಾಗುವುದು.

ತೊಟ್ಟಿಯ ಎದುರುಗಾಜಿನ ಮೇಲೆ ನೀರು ಒತ್ತುವ ಬಲ ಸುಮಾರು 340 ಕಿಲೋ. ಆದುದರಿಂದ ಗಾಜಿನ ದಪ್ಪದಲ್ಲಿ ಹಣ ಉಳಿಸಬಾರದು. ಪೀಠವನ್ನು ರಸಮಟ್ಟ ಹಿಡಿದು ಸಮಮಾಡಿಸಿ, ಮೇಲೆ ಥರ್ಮೋಕೋಲ್ ಹಾಳೆ ಹಾಸಿ ತೊಟ್ಟಿಯನ್ನಿಡಿಸಿದೆವು. ಅಂಟಿಸಿದ ಸಿಲಿಕೋನಿನ ಹುಳಿವಾಸನೆ ಹೋಗುವ ತನಕ ಒಂದು ವಾರ ಮುಟ್ಟಲಿಲ್ಲ. ಆಮೇಲೆ ಎರಡು ದಿನ ನೀರು ತುಂಬಿ ಸೋರುವುದೋ ಎಂದು ಪರೀಕ್ಷಿಸಿದೆವು.

ನೆಲಮಾಳಿಗೆಗೆ ವಿಶೇಷವಾದ ತೊಡಕುಗಳು ಮೂರು. ಮೊದಲನೆಯದು, ಹಳೆಯ ನೀರನ್ನು ಹೊರಹಾಕುವುದು. ಕೊಳವೆಯಿಟ್ಟು ಬಾಯಿಂದೆಳೆದು ನೀರು ಹರಿಸುವ ಉಪಾಯ ತಗ್ಗಿಗೆ ಮಾತ್ರ ನಡೆಯುವುದು. ನಮ್ಮ ನೆಲಮಾಳಿಗೆಯೋ ಬೀದಿಯ ಚರಂಡಿಗಿಂತ ಕೆಳಗಿದೆ. ಸಣ್ಣ ಪಂಪೊಂದನ್ನಿಟ್ಟು ನೀರನ್ನು ಮೇಲೆತ್ತಿ ತೆಂಗಿನ ಬುಡಕ್ಕೆ ಬಿಡುತ್ತೇವೆ; ನೈಟ್ರೇಟ್ ಇರುವುದರಿಂದ ಗಿಡಗಳಿಗೆ ಅದು ಒಳ್ಳೆಯದೇ. ಎರಡನೆಯದು ವಿದ್ಯುತ್ತು. ನೀರೂ ವಿದ್ಯುತ್ತೂ ಕೂಡಿದೆಡೆ ಪ್ರಾಣಭಯವುಂಟು. ಸೋರುವ ವಿದ್ಯುತ್ತನ್ನು ಕಂಡೊಡನೆ ಪ್ರವಾಹವನ್ನು ಕತ್ತರಿಸುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸದೆ ಈ ಕೆಲಸಕ್ಕೆ ಕೈಹಾಕಲೇಕೂಡದು. ತಂತಿಯನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋಲುಬಿಟ್ಟು ಮೇಲೆ ತಂದರೆ, ತಂತಿಯ ಮೇಲೆ ಹರಿದ ಹನಿ ಅಲ್ಲಿಯೇ ತೊಟ್ಟಿಕ್ಕುವುದು. ಕರೆಂಟು ಹೋದಾಗ ಗಾಳಿಯೂದಲು ಬ್ಯಾಟರಿಯ ಪಂಪೂ ಇರಬೇಕು. ಗಾಳಿಯಿಲ್ಲದೆ ಹೋದರೆ ಮೀನುಗಳಂತೆ ಆ ಸೂಕ್ಷ್ಮಜೀವಿಗಳೂ ಸಾಯುವುವು.

ಮೂರನೆಯ ತೊಡಕು ನಮ್ಮ ಗಮನಕ್ಕೆ ತಡವಾಗಿ ಬಂದಿತು. ನೀರು ತುಂಬಿದ ಎರಡನೆಯ ವಾರ ಸೊಸೆ ಮೇಲೆ ಬಂದು, “ಮಾವ, ಅಕ್ಕಿಮೂಟೆಗೆ ಬೂಷ್ಟು ಹಿಡಿದಿದೆ. ನಿಮ್ಮ ಪುಸ್ತಕಗಳನ್ನೂ ಒಮ್ಮೆ ನೋಡಿಬಿಡಿ” ಎಂದಳು. ಹೋಗಿ ನೋಡಿದರೆ ಗೋಡೆಯ ಮೇಲೆ ತೇವ, ನಮ್ಮ ಹಳೆಯ ಕೌಮುದಿಯ ರಟ್ಟಿನ ಮೇಲೆ ಬಿಳಿಯ ಪದರ. ತೆರೆದ ನೀರು ದಿನವೂ ಆವಿಯಾಗಿ, ಹೊರಹೋಗಲು ದಾರಿಯಿಲ್ಲದೆ ಗೋಡೆಯನ್ನು ಸೇರುತ್ತಿತ್ತು. ತೊಟ್ಟಿಗೆ ಗಾಜಿನ ಮುಚ್ಚಳ ಮಾಡಿಸಿದೆವು. ಗವಾಕ್ಷಿಗೆ ಗಾಳಿಯನ್ನು ಹೊರಕ್ಕೆಳೆಯುವ ಫ್ಯಾನು ಹಾಕಿಸಿದೆವು. ಅಕ್ಕಿಯೂ ಪುಸ್ತಕಗಳೂ ಮೇಲಕ್ಕೆ ಬಂದವು. ಮನೆಯ ಹೆಂಗಸರನ್ನು ಕೇಳದೆ ನೆಲಮಾಳಿಗೆಯನ್ನು ಆಕ್ರಮಿಸಿದ್ದಕ್ಕೆ ಸೊಸೆಯೆದುರು ತಪ್ಪೊಪ್ಪಿಕೊಂಡೆವು. ಯಾವ ಗೃಹಸ್ಥನಾದರೂ ಕಟ್ಟುವುದಕ್ಕೆ ಮುಂಚೆಯೇ ಕೇಳುವುದು ಲೇಸು.

ಇಷ್ಟಾದರೂ ತೊಟ್ಟಿಯಲ್ಲಿ ಒಂದು ಮೀನೂ ಇರಲಿಲ್ಲ. ಮೊಮ್ಮಗನು ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಬರಿಯ ನೀರಿಗೆ ಹಾಕುತ್ತಿದ್ದನು. ಅದು ಕೊಳೆತು ಅಮೋನಿಯಾ ಹುಟ್ಟಿದರೆ ಸೂಕ್ಷ್ಮಜೀವಿಗಳಿಗೆ ಆಹಾರ. ಎರಡು ದಿನಕ್ಕೊಮ್ಮೆ ಅಂಗಡಿಯಲ್ಲಿ ಸಿಕ್ಕುವ ಪರೀಕ್ಷಾದ್ರಾವಣದಿಂದ ನೀರನ್ನು ನೋಡಿ, ಹಿಂದೆ ಸಾವುಗಳನ್ನು ಬರೆದಿದ್ದ ನೋಟುಬುಕ್ಕಿನಲ್ಲಿಯೇ ಅಂಕಿಗಳನ್ನು ಬರೆದನು. ಮೊದಲು ಅಮೋನಿಯಾ ಏರಿತು. ಅದು ಇಳಿಯುತ್ತಿದ್ದಂತೆ ನೈಟ್ರೈಟ್ ಏರಿತು. “ಬರೀ ನೀರಿಗೆ ದೀಪ ಹಚ್ಚಿ ಕೂತಿದ್ದೀರಲ್ಲ” ಎಂದು ನೆರೆಯವರು ನಕ್ಕರು. ಮೂವತ್ತೆಂಟನೆಯ ದಿನ ಎರಡೂ ಸೊನ್ನೆಗೆ ಬಂದವು. “ತಾತ, ಈಗ ತರಬಹುದು” ಎಂದು ಹುಡುಗನೇ ತೀರ್ಪು ಕೊಟ್ಟನು.

ಮೀನುಗಳ ಆಯ್ಕೆಯಲ್ಲಿಯೂ ವಿವೇಕ ಬೇಕು. ಪಶ್ಚಿಮಘಟ್ಟದ ಹೊಳೆಗಳ ‘ಮಿಸ್ ಕೇರಳ’ ಎಂಬ ಕೆಂಪುಪಟ್ಟೆಯ ಮೀನು ಅತಿ ಸುಂದರವಾದುದು; ಆದರೆ ತೊಟ್ಟಿಗಳಿಗಾಗಿ ಹೇರಳವಾಗಿ ಹಿಡಿದದ್ದರಿಂದಲೂ ಅದರ ಸಂತತಿ ಕ್ಷೀಣಿಸಿದ್ದು, ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿಯನ್ನು ಸೇರಿದೆ. ಅದನ್ನು ಅದರ ಹೊಳೆಗೇ ಬಿಟ್ಟುಬಿಡುವುದು ಧರ್ಮ. ನಾವು ಅದೇ ಸೀಮೆಯ ಸಾಮಾನ್ಯ ಮೀನಾದ, ಬಾಲದ ಬಳಿ ಕಪ್ಪು ಬೊಟ್ಟಿರುವ ಫಿಲಮೆಂಟ್ ಬಾರ್ಬನ್ನು ಆರಿಸಿದೆವು. ಬೆಳೆದ ಗಂಡುಮೀನಿನ ಬೆನ್ನಿನ ರೆಕ್ಕೆಯಿಂದ ಎಳೆಗಳು ದಾರದಂತೆ ಹೊರಚಾಚುವುವು. ಒಮ್ಮೆಗೆ ಆರರಂತೆ, ಹದಿನೈದು ದಿನಗಳ ಅಂತರದಲ್ಲಿ ಹದಿನೆಂಟು ಮೀನುಗಳನ್ನು ತಂದೆವು. ಇನ್ನೊಂದು ಮಾತು: ಸಾಕಲಾರದೆ ಬೇಡವಾದ ಮೀನನ್ನು ಕನಿಕರದಿಂದಲೂ ಕೆರೆಗೆ ಬಿಡಕೂಡದು. ಗಾಜಿಗಂಟುವ ಸಕ್ಕರ್ ಮೀನು ಹೀಗೆ ಹೊರಬಿದ್ದು ನಮ್ಮ ನಾಡಿನ ಕೆರೆಹೊಳೆಗಳಲ್ಲಿ ಹಬ್ಬಿ, ಅಲ್ಲಿಯ ಮೀನುಗಳಿಗೆ ಕಂಟಕವಾಗಿದೆ.

ಈಗ ನಮ್ಮ ಕೆಲಸ ಸ್ವಲ್ಪ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು, ಹಿಂದಿನ ದಿನವೇ ಡ್ರಮ್ಮಿನಲ್ಲಿ ತೆರೆದಿಟ್ಟು ಕ್ಲೋರಿನ್ ಹೋಗಿಸಿದ ನೀರನ್ನು ತುಂಬುತ್ತೇವೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ತಿಂಗಳಿಗೊಮ್ಮೆ ಅಲುಬುತ್ತೇವೆ. ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುತ್ತೇವೆ. ಇಷ್ಟನ್ನು ವರ್ಷಗಟ್ಟಲೆ ತಪ್ಪದೆ ಮಾಡಲಾರೆವೆಂದು ತೋರಿದವರು ತೊಟ್ಟಿಯನ್ನು ಕೊಳ್ಳದಿರುವುದೇ ಒಳ್ಳೆಯದು. ಹೊಳೆಯ ಜೀವಿಯನ್ನು ಗಾಜಿನೊಳಗೆ ತಂದವನು ಅದರ ಹೊಳೆಯ ಕೆಲಸವನ್ನೂ ತಾನೇ ಹೊತ್ತುಕೊಂಡನೆಂದು ತಿಳಿಯತಕ್ಕದ್ದು.

ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಕೆಳಗಿಳಿದು ಕೂರುವುದುಂಟು. ಸೊಸೆಯೂ ಸೊಪ್ಪು ಬಿಡಿಸುತ್ತ ಅಲ್ಲಿಯೇ ಕುಳಿತಿರುತ್ತಾಳೆ. ಮೀನಿಗೂ ದೇವತೆಗೂ ಸಂಸ್ಕೃತದಲ್ಲಿ ‘ಅನಿಮಿಷ’ವೆಂಬ ಹೆಸರುಂಟೆಂದು ಮೊನ್ನೆ ಮೊಮ್ಮಗನಿಗೆ ಹೇಳಿದೆವು. ರೆಪ್ಪೆಯಿಲ್ಲದ ಆ ಕಣ್ಣುಗಳನ್ನು ಅವನು ಬಹಳ ಹೊತ್ತು ನೋಡಿದನು. ಬಳಿಕ ನೋಟುಬುಕ್ಕನ್ನು ತೆರೆದು, ಆ ದಿನದ ತಾರೀಖಿನ ಮುಂದೆ ‘ಹದಿನೆಂಟು’ ಎಂದು ಬರೆದನು.