ಮನೆತನದ ಹಳೆಯ ಕೋವಿಯ ಪಾಲನೆ

ಕೊಡಗಿನ ಅನೇಕ ತೋಟದ ಮನೆಗಳಲ್ಲಿ ಹಿರಿಯರ ಕಾಲದ ಕೇಪಿನ ಕೋವಿಗಳು ಇಂದಿಗೂ ಇವೆ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದಂದು ತೋಕ್‌ಪೂ ಮುಡಿಸಿ ಪೂಜಿಸುವ ಇವುಗಳನ್ನು ಕಾಪಾಡುವ ಕ್ರಮವನ್ನು ಬೆಳೆಗಾರರು ಅರಿತಿರುವುದು ಅಗತ್ಯ.

ಮೊದಲಿಗೆ, ಕೋವಿಯಲ್ಲಿ ಈಡು ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಕೋವಿಯ ಬಾಯಿಗೆ ಮುಖವೊಡ್ಡದೆ, ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ ಗುರುತು ಮಾಡಿ, ಅದೇ ಅಳತೆಯನ್ನು ಹೊರಗಿನಿಂದ ಹಿಡಿದು ನೋಡಿರಿ. ಗಜವು ಕೇಪು ಕೂರಿಸುವ ಜಾಗದವರೆಗೆ ತಲುಪದಿದ್ದರೆ ಒಳಗೆ ಮದ್ದು ಇರಬಹುದು. ಕಪ್ಪು ಮದ್ದು ಒಣಗಿದ್ದರೆ ನೂರು ವರ್ಷಗಳ ನಂತರವೂ ಸಿಡಿಯಬಲ್ಲದು. ಅದನ್ನು ಕೆದಕದೆ ಪರವಾನಗಿ ಪಡೆದ ಕೋವಿ ರಿಪೇರಿಯವರಿಗೆ ತಿಳಿಸಿರಿ.

ಸುಟ್ಟ ಮದ್ದಿನ ಮಸಿ ತೇವ ಹೀರುವುದರಿಂದ ಮಳೆಗಾಲದಲ್ಲಿ ನಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಖಾಲಿ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಪೂರ್ಣ ಒಣಗಿಸಿ, ತೆಳುವಾಗಿ ಎಣ್ಣೆ ಸವರಬೇಕು. ಮರದ ಭಾಗಕ್ಕೆ ಅಗಸೆ ಎಣ್ಣೆ ಒಳ್ಳೆಯದು. ಹೊಳಪಿಗಾಗಿ ಉಪ್ಪುಕಾಗದದಿಂದ ಉಜ್ಜಿದರೆ ತಯಾರಕರ ಮುದ್ರೆ ಅಳಿಯುತ್ತದೆ. ಸಂಗ್ರಹಕಾರರು ಬೆಲೆ ಕಟ್ಟುವುದು ಆ ಮುದ್ರೆಗೇ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟು ಇದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ರಿಪೇರಿ ಕಸುಬಿಗೆ ಬೇರೆ ಪರವಾನಗಿ ಬೇಕು. ಆದ್ದರಿಂದ ಊರಿನ ಕಮ್ಮಾರನ ಕೈಗೆ ಕೋವಿ ಕೊಡದಿರುವುದೇ ಲೇಸು.